ಮೇ ತಿಂಗಳಲ್ಲಿ ಗೀಜರ್ ಕೊಂಡವನು

ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲಿ ನಲ್ಲಿ ತಿರುಗಿಸಿ ಕಾಲಿಗೆ ನೀರು ಬಿಟ್ಟುಕೊಂಡವರು ಒಂದು ಕುಣಿತ ಕುಣಿಯುತ್ತಾರೆ. ಮೊದಲು ಬಲಗಾಲು ಎತ್ತುತ್ತಾರೆ, ಆಮೇಲೆ ಎಡಗಾಲು, ಕೊನೆಗೆ ಎರಡನ್ನೂ ಒಟ್ಟಿಗೆ ಎತ್ತಲು ಹೋಗಿ ಗೋಡೆ ಹಿಡಿದುಕೊಳ್ಳುತ್ತಾರೆ. ಹೊರಗಿನಿಂದ ಬಂದ ನೆಂಟರು ಇದನ್ನು ಕಂಡು ಗಾಬರಿಯಾಗುತ್ತಾರೆ. ನಮಗೆ ಅಭ್ಯಾಸವಾಗಿದೆ. ಮಾಳಿಗೆಯ ಮೇಲಿನ ಕರಿ ಟ್ಯಾಂಕು ಬೆಳಗಿನಿಂದ ಬಿಸಿಲು ಕುಡಿದು ಕೂತಿರುತ್ತದೆ, ಮಧ್ಯಾಹ್ನ ಅದನ್ನೆಲ್ಲ ನಮ್ಮ ಮೇಲೆ ಉಗುಳುತ್ತದೆ. ಅದಕ್ಕೇ ನಮ್ಮಲ್ಲಿ ಜಾಣರು ಬೆಳಿಗ್ಗೆ ಎದ್ದ ಕೂಡಲೇ ಎರಡು ಬಕೆಟ್ ತುಂಬಿ ಬಚ್ಚಲಿನ ಮೂಲೆಯಲ್ಲಿ ಇಟ್ಟಿರುತ್ತಾರೆ. ಉಳಿದವರು ಕುಣಿಯುತ್ತಾರೆ. ನಾನು ಎರಡನೆಯ ಪಂಗಡಕ್ಕೆ ಸೇರಿದವನು.

ಇಂಥ ಊರಿನಲ್ಲಿ, ಇಂಥ ತಿಂಗಳಲ್ಲಿ, ಅದೂ ಮಟಮಟ ಮಧ್ಯಾಹ್ನ, ನಾನು ಗೀಜರ್ ಕೊಳ್ಳಲು ಹೋದೆ. ಅದರಿಂದಾದ ಅವಮಾನವನ್ನು ಇಷ್ಟು ದಿನ ಮನೆಯೊಳಗೇ ಇಟ್ಟುಕೊಂಡಿದ್ದೆ. ಈಗ ಅದು ಅವಮಾನವೆಂದು ಅನಿಸುತ್ತಿಲ್ಲ, ಆದ್ದರಿಂದ ನಿಮಗೆ ಹೇಳಬಹುದು. ಹೇಳುವ ಮುನ್ನ ಒಂದು ಮಾತು ತಿಳಿಸಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಹೆಚ್ಚಿನ ಕಾಲ ಮಾನ್ವಿಯಲ್ಲಿ, ಕೊನೆಯ ಕೆಲವು ವರ್ಷ ರಾಯಚೂರಿನಲ್ಲಿ. ಉಷ್ಣ ಎಂಬ ಪಾಠ ನನ್ನ ಮೆಚ್ಚಿನದು. ಆ ಪಾಠ ಮಾಡುವಾಗ ಬಾಗಿಲಲ್ಲಿ ಹೆಡ್ ಮಾಸ್ತರರೂ ನಿಂತು ಕೇಳುತ್ತಿದ್ದರು ಎಂದು ನಾನು ಈಗಲೂ ನಂಬಿದ್ದೇನೆ. ಅವರು ನೆರಳಿಗೆ ನಿಲ್ಲುತ್ತಿದ್ದರು ಎಂದು ನನ್ನ ಹೆಂಡತಿ ಶಾಂತಾ ನಂಬಿದ್ದಾಳೆ.

ಗೀಜರಿಗೆ ಕಾರಣ ನಮ್ಮ ಮಗಳು ಸುಜಾತಾ. ಅವಳು ದೇವದುರ್ಗದಲ್ಲಿ ಪ್ರೈಮರಿ ಶಾಲೆಯ ಟೀಚರು, ಗಂಡನ ಮನೆಯೂ ಅಲ್ಲೇ. ಮೇ ತಿಂಗಳ ಮೊದಲ ವಾರ ಫೋನು ಮಾಡಿ, ತನಗೆ ಎರಡು ತಿಂಗಳು ಎಂದು ತಾಯಿಗೆ ಹೇಳಿದಳು. ಚೊಚ್ಚಲ ಹೆರಿಗೆ, ಬಾಣಂತನ ತವರಲ್ಲೇ ಆಗಬೇಕು. ಶಾಂತಾ ಆ ಕ್ಷಣವೇ ಬೆರಳು ಮಡಚಿ ಲೆಕ್ಕ ಹಾಕಿ, "ಡಿಸೆಂಬರ್‌ನ್ಯಾಗ ಬರ್ತದ ಕೂಸು. ಥಂಡಿ ಇರ್ತದ. ಬಿಸಿನೀರಿನ ಬಂದೋಬಸ್ತ್ ಮಾಡ್ರಿ" ಎಂದಳು. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು.

ನಮ್ಮ ಮನೆಯಲ್ಲಿ ಬಿಸಿನೀರಿನ ಬಂದೋಬಸ್ತು ಇರಲಿಲ್ಲ ಎಂದಲ್ಲ. ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ತಾಮ್ರದ ಹಂಡೆ. ಅದರ ಒಡತಿ ನನ್ನ ಅವ್ವ. ಅವ್ವನಿಗೆ ಎಂಬತ್ತರ ಹತ್ತಿರ. ಮಾನ್ವಿ ತಾಲೂಕಿನ ಮಲ್ಲಟದಲ್ಲಿ, ನಮ್ಮ ಕೇರಿಯಲ್ಲಿ, ಅವಳ ಕಾಲದಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರೆರೆದವಳು ಅವಳೇ. ಕೂಲಿ ಮಾಡಿ ಬಂದು, ಕೈಕಾಲು ತೊಳೆದು, ಯಾರ ಮನೆಯಲ್ಲಿ ಕೂಸಿದೆಯೋ ಅಲ್ಲಿ ಹೋಗಿ ಕಾಲು ಚಾಚಿ ಕೂರುತ್ತಿದ್ದಳು. ಅದಕ್ಕೆ ಯಾರೂ ಏನೂ ಕೊಡುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಸುಜಾತಾಳಿಗೂ ಎರೆದವಳು ಅವಳೇ. ಈಗ ಸುಜಾತಾಳ ಕೂಸಿಗೂ ತಾನೇ ಎರೆಯಬೇಕು ಎಂಬುದು ಅವಳ ಆಸೆ. ಅವಳ ಕೈ ಆ ಕೂಸಿನ ಬೆನ್ನ ಮೇಲೆ ಓಡಾಡುವುದನ್ನು ನೋಡಬೇಕೆಂಬುದು ನನ್ನ ಆಸೆ.

ತೊಡಕು ಇದ್ದದ್ದು ಹೊಗೆಯಲ್ಲಿ. ಎರಡು ವರ್ಷದಿಂದ ಅವ್ವನಿಗೆ ಕೆಮ್ಮು. ಒಲೆಯ ಮುಂದೆ ಕೂರಲೇಬಾರದು ಎಂದು ಡಾಕ್ಟರರು ಖಡಾಖಂಡಿತ ಹೇಳಿದ್ದರು. ಸುಜಾತಾಳೂ ಫೋನಿನಲ್ಲಿ, "ಅಪ್ಪಾ, ಕೂಸು ಇರೋ ಮನ್ಯಾಗ ಹೊಗಿ ಬ್ಯಾಡ. ಆಯಿಗೂ ಬ್ಯಾಡ" ಎಂದಳು. ಅವಳು ಅಜ್ಜಿಯನ್ನು ಆಯಿ ಎಂದು ಕರೆಯುತ್ತಾಳೆ. ಅವ್ವ ಮಾತ್ರ, "ಬೆಂಕಿ ಕಾಣದ ನೀರಿನ್ಯಾಗ ನಾ ಕೂಸಿಗಿ ಎರಿಯಂಗಿಲ್ಲ. ಬೇಕಾದವ್ರು ಎರೀರಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಡುವೆ ನಾನು, ಉಷ್ಣದ ಮಾಸ್ತರ.

ತೀನ್ ಕಂದೀಲ್ ಹತ್ತಿರದ ಒಂದು ಅಂಗಡಿಗೆ ಗಂಡಹೆಂಡತಿ ಹೋದೆವು. ಅಂಗಡಿಯವರು ಕೂಲರುಗಳ ಗುಡ್ಡದ ಹಿಂದೆ ಕೂತಿದ್ದರು. ನಾನು ಗೀಜರ್ ಎಂದ ಕೂಡಲೇ ಎದ್ದು ನಿಂತು, ಮೊದಲು ನನಗೆ ಕುರ್ಚಿ ಕೊಟ್ಟರು, ಆಮೇಲೆ ತಣ್ಣೀರು ಕೊಟ್ಟರು, ಆಮೇಲೆ ಶಾಂತಾಳ ಕಡೆ ತಿರುಗಿ ಮೆಲ್ಲಗೆ, "ಅಮ್ಮಾರ, ಸರ ಬಿಸಲಾಗ ನಡಕೊಂತ ಬಂದ್ರೇನ್ರಿ?" ಎಂದು ಕೇಳಿದರು. ಮಗಳ ವಿಷಯ ತಿಳಿದ ಮೇಲೆ ಅವರ ಮುಖ ಅರಳಿತು. ಧೂಳು ಕೊಡವಿ ಮೂರ್ನಾಲ್ಕು ಡಬ್ಬಿ ಇಳಿಸಿದರು.

ಆರಿಸುವುದೆಂದರೆ ನನಗೆ ಬಲು ಇಷ್ಟ, ಕೊಳ್ಳುವುದು ಕಷ್ಟ. ಮೂರು ಲೀಟರಿನದು ಇತ್ತು, ತಿರುಗಿಸಿದ ಕೂಡಲೇ ಬಿಸಿ. ಹದಿನೈದರದು ಇತ್ತು. ಇಪ್ಪತ್ತೈದರದು ಇತ್ತು. ಗ್ಯಾಸಿನದು ಇತ್ತು, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಅಪಾಯ ಎಂದು ನಾನೇ ಅಂಗಡಿಯವರಿಗೆ ಹತ್ತು ನಿಮಿಷ ಪಾಠ ಮಾಡಿದೆ. ಸೋಲಾರಿನ ಮಾತೂ ಬಂತು. ಇಡೀ ಬೇಸಿಗೆ ಸೂರ್ಯನನ್ನು ಬೈದುಕೊಂಡು ಚಳಿಗಾಲದಲ್ಲಿ ಅವನ ಹತ್ತಿರವೇ ಕೈಯೊಡ್ಡುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ, ಮಾಳಿಗೆಯ ಮೇಲೆ ಜಾಗವೂ ಇರಲಿಲ್ಲ. ನಮ್ಮ ಬೋರಿನ ನೀರು ಸವಳು. ಪಾತ್ರೆಯ ತಳದಲ್ಲಿ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಒಳಗೆ ಗಾಜಿನ ಲೇಪ ಇರುವ ಟ್ಯಾಂಕೇ ಬೇಕು ಎಂದೆ. ಅಂಗಡಿಯವರು ಒಂದು ಡಬ್ಬಿಯ ಮೇಲಿನ ನಕ್ಷತ್ರಗಳನ್ನು ಎಣಿಸಿ ತೋರಿಸಿದರು. ನಕ್ಷತ್ರ ಹೆಚ್ಚಿದ್ದಷ್ಟೂ ಕರೆಂಟು ಉಳಿಯುತ್ತದಂತೆ. ನಾನು ನಕ್ಷತ್ರಗಳ ಬಗ್ಗೆ ಇನ್ನೂ ಮೂರು ಪ್ರಶ್ನೆ ಕೇಳುವವನಿದ್ದೆ. ಅಷ್ಟರಲ್ಲಿ ಶಾಂತಾ, "ಬಾಣಂತಿಗಿ ಎರಡು ಕೊಡ, ಕೂಸಿಗಿ ಅರ್ಧ ಕೊಡ. ಇಪ್ಪತ್ತೈದರದು ಕೊಡ್ರಿ" ಎಂದು ಮುಗಿಸಿಬಿಟ್ಟಳು. ಬಣ್ಣ ಬಿಳಿ ಎಂದೂ ಅವಳೇ ಹೇಳಿದಳು.

ಇಲ್ಲಿ ಒಂದು ಸಣ್ಣ ಅಡ್ಡದಾರಿಗೆ ಅಪ್ಪಣೆ ಕೊಡಿ. ನಿಜಾಮರ ಆಳ್ವಿಕೆ ಕಂಡ ನಮ್ಮ ಊರಿನಲ್ಲಿ, ಕೋಟೆಯ ಒಳಗಿನ ಹಳೆಯ ಮನೆಗಳಲ್ಲಿ, ನೀರು ಕಾಯಿಸುವ ದೊಡ್ಡ ತಾಮ್ರದ ಪಾತ್ರೆಗೆ ಹಮಾಮು ಎನ್ನುವ ಮುದುಕರು ಇದ್ದರು. ನಡುವೆ ಬೆಂಕಿಯ ಕೊಳವೆ, ಸುತ್ತಲೂ ನೀರು, ಕೆಳಗೊಂದು ನಲ್ಲಿ. ಆ ಮಾತು ಅರಬರ ಸ್ನಾನದ ಮನೆಯಿಂದ ಹೊರಟು, ಉರ್ದುವಿನ ಜೊತೆ ನಡೆದು, ನಮ್ಮ ಬಚ್ಚಲಿನಲ್ಲಿ ಒಂದು ಪಾತ್ರೆಯಾಗಿ ಕೂತಿತು. ಅಷ್ಟು ದೂರ ಬಂದ ಮಾತು ರಾಯಚೂರಿನಿಂದ ಮಲ್ಲಟಕ್ಕೆ, ಅದೂ ನಮ್ಮ ಕೇರಿಗೆ, ಬರಲಿಲ್ಲ. ನಮ್ಮಲ್ಲಿ ಬಿಸಿನೀರಿಗೆ ಬೇರೆ ಹೆಸರೇ ಬೇಕಿರಲಿಲ್ಲ. ಅದು ಜ್ವರ ಬಂದವರಿಗೆ, ಹಡೆದವರಿಗೆ, ಹಬ್ಬಕ್ಕೆ. ಉಳಿದ ದಿನ ಬಾವಿಯ ನೀರು ಹೇಗಿದೆಯೋ ಹಾಗೆ. ಹೀಗಾಗಿ ಗೀಜರಿನ ಡಬ್ಬಿಯನ್ನು ಆಟೋದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬರುವಾಗ ನನಗೆ ಸ್ವಲ್ಪ ಗರ್ವ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಕೂಡಿಸಲು ಮೌಲಾಲಿಯನ್ನು ಕರೆಸಿದೆ. ಮೌಲಾಲಿ ಮಾನ್ವಿಯವನು, ನನ್ನ ಕೈಯಲ್ಲಿ ಓದಿದವನು. ಹತ್ತನೆಯ ಕ್ಲಾಸಿನಲ್ಲಿ ಎಲ್ಲದರಲ್ಲೂ ಪಾಸಾಗಿ ನನ್ನ ವಿಷಯದಲ್ಲಿ ಮಾತ್ರ ಫೇಲಾದವನು. ಈಗ ರಾಯಚೂರಿನಲ್ಲಿ ಕರೆಂಟಿನ ಕೆಲಸ, ನಲ್ಲಿಯ ಕೆಲಸ ಎರಡನ್ನೂ ಮಾಡುತ್ತಾನೆ. ಅವನ ಕೈ ಚೆನ್ನಾಗಿದೆ. ಮೇ ತಿಂಗಳಲ್ಲಿ ಊರಿನ ಕೂಲರುಗಳೆಲ್ಲ ಅವನ ಹೆಸರು ಹಿಡಿದು ಕೂಗುತ್ತಿರುತ್ತವೆ, ಆದರೂ ಮಾಸ್ತರರ ಮನೆ ಎಂದು ಬಂದ. ಗೋಡೆಗೆ ತೂತು ಹಾಕಿ ಮೊಳೆ ಜಡಿದ. ಗೀಜರನ್ನು ಎತ್ತಿ ತೂಗುಹಾಕಿದ. ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ನಮ್ಮಲ್ಲಿ ಮೇ ತಿಂಗಳಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಮೌಲಾಲಿ ಬೆವರು ಒರೆಸಿಕೊಂಡು ಪೈಪು ಜೋಡಿಸಿದ, ಒಂದು ನೀಲಿ ಗುರುತಿನ ನಲ್ಲಿ, ಒಂದು ಕೆಂಪು ಗುರುತಿನ ನಲ್ಲಿ. ಗೋಡೆಯಲ್ಲಿ ದೊಡ್ಡ ಪ್ಲಗ್ಗಿನ ಪೆಟ್ಟಿಗೆ ಕೂಡಿಸಿದ. ಮಾಳಿಗೆ ಹತ್ತಿ ವಾಲ್ವು ಬಿಟ್ಟು ಬಂದು, "ಒಳಗಿನ ಹೊಲಸು ತೊಳದು ಹೋಗಲಿ ಸರ" ಎಂದು ಕೆಂಪು ನಲ್ಲಿ ತಿರುಗಿಸಿದ.

ಕೆಂಪು ನಲ್ಲಿ ಮೂರು ಸಲ ಕೆಮ್ಮಿತು. ಆಮೇಲೆ ನೀರು ಬಂತು. ಕೈಯೊಡ್ಡಿದ ಮೌಲಾಲಿ ಹಾಯ್ ಎಂದು ಕೈ ಹಿಂದಕ್ಕೆಳೆದುಕೊಂಡ.

"ಬಂತು, ಬಂತು!" ಎಂದಳು ಶಾಂತಾ. ಬೀಸಣಿಕೆ ಕೆಳಗಿಟ್ಟು, ಗೀಜರಿನ ಹೊಟ್ಟೆಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಬಚ್ಚಲಿನ ಹೊಸ್ತಿಲಿಗೇ ತೆಂಗಿನಕಾಯಿ ಒಡೆದಳು. ನಮ್ಮ ಮನೆಯ ಗೋಡೆಯ ಮೇಲೆ ನನ್ನ ಬುದ್ಧನೂ ಇದ್ದಾನೆ, ಅವಳ ದೇವರೂ ಇದ್ದಾರೆ, ಅವರವರಲ್ಲಿ ಜಗಳವಿಲ್ಲ. ನಾನು ನನ್ನ ಪೂಜೆ ಮಾಡಿದೆ. ನಿವೃತ್ತನಾಗಿ ಶಾಲೆ ಬಿಡುವಾಗ ಮಕ್ಕಳು ಕಾಣಿಕೆ ಕೊಟ್ಟ ಥರ್ಮಾಮೀಟರು ತಂದು ಬಕೆಟ್ಟಿನಲ್ಲಿ ಅದ್ದಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, "ನಲವತ್ತೆಂಟು!" ಎಂದು ಕೂಗಿದೆ. ಕ್ಯಾಲೆಂಡರಿನಲ್ಲಿ ಬರೆದೂ ಇಟ್ಟೆ. ಮೌಲಾಲಿಗೆ ಕಾಯಿಚೂರು, ಬೆಲ್ಲ ಕೊಟ್ಟೆವು. ಅವನ ಫೋನು ಅಷ್ಟು ಹೊತ್ತೂ ಬಡಿದುಕೊಳ್ಳುತ್ತಲೇ ಇತ್ತು, ಯಾರದೋ ಕೂಲರು ನಿಂತಿತ್ತು. ಅವನು ಚೀಲ ಕಟ್ಟಿ ಓಡಿದ.

ಈ ಸಂಭ್ರಮದ ನಡುವೆ ಅವ್ವ ಬಂದು ಧಾರೆಗೆ ಕೈಯೊಡ್ಡಿ, ಅಂಗೈ ಮಗುಚಿ ಮಗುಚಿ ನೋಡಿದಳು. "ಯಪ್ಪಾ ಅಮರೇಶಾ, ಇದು ಬಿಸಲ ನೀರು" ಎಂದಳು.

ನಾನು ನಕ್ಕೆ. ಮೂವತ್ತೊಂದು ವರ್ಷದ ಅಭ್ಯಾಸ, ಕೈ ತಾನಾಗಿ ಮೇಲೆದ್ದಿತು. "ಯವ್ವಾ, ಶಾಖಕ್ಕ ಬಿಸಲಿಂದು, ಬೆಂಕೀದು ಅಂತ ಜಾತಿ ಇರಂಗಿಲ್ಲ. ಶಾಖ ಅಂದ್ರ ಶಾಖ, ಎಲ್ಲಾ ಒಂದ."

"ಇಲ್ದಿದ್ರ ಬಿಡು. ನನ್ನ ಕೈಗಿ ಗೊತ್ತಾಗತದ" ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಅವಳಿಗೆ ಗೀಜರಿನ ಮೇಲೆ ಸಿಟ್ಟು, ಅದಕ್ಕೇ ಕುಂದು ಹುಡುಕುತ್ತಿದ್ದಾಳೆ ಎಂದುಕೊಂಡೆ. ವಿದ್ಯಾವಂತರು ಹೀಗೆ ಅಂದುಕೊಳ್ಳುವುದು ಬಹಳ ಬೇಗ.

ಆಮೇಲೆ ಏಳು ತಿಂಗಳು ಆ ಗೀಜರನ್ನು ಯಾರೂ ಮುಟ್ಟಲಿಲ್ಲ. ಬೇಸಿಗೆಯಲ್ಲಿ ಬೇಕಿರಲಿಲ್ಲ, ಮಳೆಗಾಲದಲ್ಲಿ ಬೇಕೆನಿಸಲಿಲ್ಲ. ದೀಪಾವಳಿಯ ಎಣ್ಣೆಸ್ನಾನಕ್ಕೆ ಹಂಡೆಯ ನೀರೇ ಆಗಬೇಕೆಂದು ಪಕ್ಕದ ಮನೆಯಲ್ಲಿ ಕಾಯಿಸಿ ತಂದೆವು. ಕಾರ್ತೀಕದ ಬೆಳಗಿನಲ್ಲಿ ನನಗೊಮ್ಮೆ ಆಸೆಯಾಗಿದ್ದುಂಟು. ಶಾಂತಾ ಬಿಡಲಿಲ್ಲ. "ಮೊದಲನೇ ನೀರು ಬಾಣಂತಿಗಿ. ಅಲ್ಲೀತನ ಯಾರೂ ಸ್ವಿಚ್ ಮುಟ್ಟಂಗಿಲ್ಲ" ಎಂದು ಅಪ್ಪಣೆಯಾಗಿತ್ತು. ಗೀಜರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಅವಳು ತೆಗೆಯಗೊಡಲಿಲ್ಲ. ನಮ್ಮ ಕಡೆ ಹೊಸ ವಸ್ತುವಿನ ಪ್ಲಾಸ್ಟಿಕ್ ತೆಗೆಯುವುದೆಂದರೆ ಅದನ್ನು ಅರ್ಧ ಹಳೆಯದು ಮಾಡಿದಂತೆ. ಬಂದವರನ್ನೆಲ್ಲ ಬಚ್ಚಲಿಗೆ ಕರೆದೊಯ್ದು ತೋರಿಸುತ್ತಿದ್ದೆ. ಅವರು ಕತ್ತೆತ್ತಿ ನೋಡಿ ತಲೆಯಾಡಿಸಿ ಬರುತ್ತಿದ್ದರು.

ಡಿಸೆಂಬರಿನಲ್ಲಿ ಸುಜಾತಾ ಹೆತ್ತಳು. ಹೆಣ್ಣು ಕೂಸು. ಮೂಗು ನನ್ನದು ಎಂದು ನಾನು ಹೇಳಿದೆ, ಯಾರೂ ಒಪ್ಪಲಿಲ್ಲ. ಶುಕ್ರವಾರ ತಾಯಿಮಗುವನ್ನು ಮನೆಗೆ ಕರೆತಂದೆವು. ಇನ್ನು ಕೂಸಿಗೆ ಎರೆಯಬಹುದು ಎಂದು ಡಾಕ್ಟರರು ಹೇಳಿ ಕಳಿಸಿದ್ದರು, ಭಾನುವಾರ ಎಂದು ಗೊತ್ತುಮಾಡಿದೆವು. ಶನಿವಾರ ಬೆಳಿಗ್ಗೆ ಒಮ್ಮೆ ನೋಡಿಬಿಡೋಣ ಎಂದು ನಾನು ಮಡಿಯುಟ್ಟವನಂತೆ ಹೋಗಿ ಸ್ವಿಚ್ ಒತ್ತಿದೆ. ಹತ್ತು ನಿಮಿಷ ಕಾದು ಕೆಂಪು ನಲ್ಲಿ ತಿರುಗಿಸಿದೆ. ಬೆರಳು ಮರಗಟ್ಟಿತು. ಇನ್ನೂ ಇಪ್ಪತ್ತು ನಿಮಿಷ ಕಾದೆ. ಪ್ಲಾಸ್ಟಿಕ್ಕನ್ನೇ ಕಿತ್ತು ಹೊಟ್ಟೆ ಮುಟ್ಟಿ ನೋಡಿದೆ. ಗೀಜರು ತಣ್ಣಗೆ ಮಲಗಿತ್ತು.

ಮೌಲಾಲಿಗೆ ಫೋನು ಮಾಡಿದರೆ ಅವನು ಕವಿತಾಳದಲ್ಲಿ ಯಾರದೋ ಮೋಟಾರು ಬಿಚ್ಚಿಕೊಂಡು ಕೂತಿದ್ದ. "ಸರ, ಗಾಡಿ ಮ್ಯಾಲ ಬರಾಕತ್ತೀನಿ, ಎರಡು ಗಂಟೆ ಕೊಡ್ರಿ" ಎಂದ. ಫೋನಿಟ್ಟು ತಿರುಗುವಷ್ಟರಲ್ಲಿ ಹಿತ್ತಲಿನಿಂದ ಲೋಹ ಎಳೆಯುವ ಸದ್ದು ಬಂತು. ಅವ್ವ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಲು ಎಳೆಯುತ್ತಿದ್ದಳು. ಪಕ್ಕದಲ್ಲಿ ಕಟ್ಟಿಗೆ ಆಗಲೇ ಒಟ್ಟಿಯಾಗಿತ್ತು. ಇನ್ನೂ ಹೊಗೆ ಎದ್ದಿರಲಿಲ್ಲ, ಕಟ್ಟಿಗೆಯ ಧೂಳಿಗೇ ಅವಳು ಕೆಮ್ಮತೊಡಗಿದ್ದಳು.

ಸುಜಾತಾ ಕೋಣೆಯಿಂದ ಆ ಕೆಮ್ಮು ಕೇಳಿ ಬಾಗಿಲಿಗೆ ಬಂದಳು. "ಆಯಿ, ಬ್ಯಾಡ ಅಂದೀನಲ್ಲ. ನಿನಗ ದಮ್ಮು ಹತ್ತತದ. ದವಾಖಾನಿ ಆಯಾಗ ಹೇಳಿದ್ರ ಬಂದು ಎರದು ಹೋಗತಾಳ. ನೀ ಆರಾಮ ಕುಂದ್ರು."

ಅವಳು ಪ್ರೀತಿಯಿಂದಲೇ ಹೇಳಿದ್ದು. ಆದರೆ ಅವ್ವನ ಕೈ ಹಂಡೆಯ ಅಂಚಿನ ಮೇಲೆ ಹಾಗೇ ನಿಂತಿತು. ಜಗಳವಾಡಲಿಲ್ಲ, ಗೋಡೆಗೆ ತಿರುಗಿ ಮಲಗಲಿಲ್ಲ. "ಆತಳವ್ವಾ, ಆಯಾನ್ನ ಕರಸ್ರಿ" ಎಂದಳು. ಕಟ್ಟಿಗೆಯನ್ನು ಒಂದೊಂದಾಗಿ ತೆಗೆದು ಮತ್ತೆ ಗೋಡೆಗೆ ಒರಗಿಸಿದಳು. ಅವ್ವ ಸಿಟ್ಟು ಮಾಡಿದರೆ ನನಗೆ ಹೆದರಿಕೆಯಿಲ್ಲ, ಅವಳು ಒಪ್ಪಿಕೊಂಡದ್ದು ಕಂಡು ಹೆದರಿಕೆಯಾಯಿತು. ಊರಿನ ಕೂಸುಗಳಿಗೆಲ್ಲ ಎರೆದವಳು ತನ್ನ ಮನೆಯ ಕೂಸಿಗೆ ಇನ್ನೊಬ್ಬರು ಎರೆಯುವುದನ್ನು ಹೊಸ್ತಿಲಲ್ಲಿ ಕೂತು ನೋಡಬೇಕೆ? ನನಗೆ ಆ ಬಿಳಿ ಗೀಜರನ್ನು ಕಿತ್ತು ಬೀದಿಗೆ ಎಸೆಯಬೇಕು ಅನಿಸಿತು.

ಎರಡು ಗಂಟೆ ಕೇಳಿದವನು ಎರಡೂವರೆ ಗಂಟೆ ಬಿಟ್ಟು ಬಂದ. ಕೈಯಲ್ಲಿ ಟೆಸ್ಟರು ಹಿಡಿದು ಪ್ಲಗ್ಗಿನೊಳಗೆ ಇಟ್ಟ, ಬೆಳಗಲಿಲ್ಲ. ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಒಳಗೆ ನೋಡಿದ. ನೋಡಿದವನು ಹಾಗೇ ಬಚ್ಚಲಿನ ಕಲ್ಲಿನ ಮೇಲೆ ಕೂತುಬಿಟ್ಟ. ಅವನ ಹೆಗಲು ಅಲ್ಲಾಡುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ.

"ಸರ, ವೈರೇ ಎಳದಿಲ್ಲ."

"ಅಂದ್ರ?"

"ಮೇನ್ ಬೋರ್ಡಿನಿಂದ ಇಲ್ಲೀತನ ವೈರೇ ಇಲ್ರಿ. ಅವತ್ತ ಕರೆಂಟ್ ಹೋಗಿತ್ತಲ್ಲ, ಬಂದ ಮ್ಯಾಲ ಎಳದ್ರಾತು ಅಂತ ಬಿಟ್ಟಿದ್ನಿ. ಅಷ್ಟರಾಗ ಬಿಸಿನೀರು ಬಂತು. ಬಿಸಿನೀರು ಬಂತಂದ್ರ ಚೀಲ ಕಟ್ಟೋದು ನನ್ನ ಕೈಗಿ ರೂಢಿ ಸರ. ಕಟ್ಟಿಬಿಟ್ಟೆ."

ಶಾಂತಾ ಬಾಗಿಲಲ್ಲಿ ನಿಂತು ನೆನಪಿಸಿಕೊಂಡಳು. "ಹೌದಲ್ರೀ! ಫ್ಯಾನ್ ತಿರಗತಿರಲಿಲ್ಲ. ನಾ ಬೀಸಣಿಕಿ ಹಿಡಕೊಂಡು ನಿಂತಿದ್ನಿ."

ಕರೆಂಟಿಲ್ಲದ ಮನೆಯಲ್ಲಿ ಕರೆಂಟಿನ ಗೀಜರಿನಿಂದ ಬಿಸಿನೀರು ಬಂತೆಂದು ಕಾಯಿ ಒಡೆದಿದ್ದೆವು. ಬಂದದ್ದು ಮಾಳಿಗೆಯ ಕರಿ ಟ್ಯಾಂಕಿನ ನೀರು. ಬೇರೆ ಊರಿನಲ್ಲಿ ಈ ತಪ್ಪು ಆಗುವುದೇ ಸಾಧ್ಯವಿಲ್ಲ. ನಾನು ಥರ್ಮಾಮೀಟರು ಹಿಡಿದದ್ದು ಕೆಂಪು ನಲ್ಲಿಗೆ ಮಾತ್ರ. ನೀಲಿ ನಲ್ಲಿ ತಿರುಗಿಸಿ ಅದನ್ನೂ ಅಳೆದಿದ್ದರೆ ಆವತ್ತೇ ಎಲ್ಲ ಬಯಲಾಗುತ್ತಿತ್ತು. ಆ ಮಾತನ್ನೂ ಮೌಲಾಲಿಯೇ ಹೇಳಬೇಕೆ!

"ಸರ, ನೀವ ಹೇಳ್ತಿದ್ರಿ ಕ್ಲಾಸಿನ್ಯಾಗ. ಒಂದ ಕಡಿ ನೋಡಿ ನಿರ್ಧಾರಕ್ಕ ಬರಬಾರದು, ಎರಡೂ ಕಡಿ ಅಳದು ನೋಡಬೇಕು ಅಂತ."

"ನೆನಪಿಟ್ಟೀಯಲ್ಲೋ ಮೌಲಾಲಿ."

"ಮತ್ತ ನೀವ್ಯಾಕ ನನ್ನ ಫೇಲ್ ಮಾಡಿದ್ರಿ ಸರ?"

ಅವನು ವೈರು ಎಳೆಯುವ ತನಕ ಸ್ಟೂಲು ಹಿಡಿದುಕೊಂಡು ನಿಂತೆ. ಅವನ ಉತ್ತರಪತ್ರಿಕೆ ತಿದ್ದಿದ್ದು ನಾನಲ್ಲ, ಆದರೂ ಹಿಡಿದುಕೊಂಡು ನಿಂತೆ.

ಆಗ ಅವ್ವನ ನೆನಪಾಯಿತು. ಮೇ ತಿಂಗಳಲ್ಲಿ ಅದೇ ಧಾರೆಗೆ ಕೈಯೊಡ್ಡಿ ಬಿಸಿಲ ನೀರು ಎಂದವಳು ಅವಳೊಬ್ಬಳೇ. ಹಿತ್ತಲಿಗೆ ಹೋದೆ. ಅವಳು ಬೋರಲು ಹಾಕಿದ ಹಂಡೆಯ ಪಕ್ಕದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ನಡೆದದ್ದು ಹೇಳಿದೆ. ಅವಳು ನಗಲಿಲ್ಲ, ನಾ ಹೇಳಿದ್ದೆನಲ್ಲ ಎಂದೂ ಅನ್ನಲಿಲ್ಲ.

"ಯವ್ವಾ, ನಿನಗ ಹ್ಯಾಂಗ ಗೊತ್ತಾತು?"

"ನಿನಗ ಎರದಿದ್ದು ಬಿಸಲ ನೀರಾಗೇ ಅಲ್ಲೇನೋ" ಎಂದಳು ಅವ್ವ. "ನಿನ್ನ ಹಡದಾಗ ಹತ್ತಿ ಬಿಡಸೋ ಸುಗ್ಗಿ. ಒಂಬತ್ತು ದಿನಕ್ಕ ಹೊಲಕ್ಕ ಹೋದ್ನಿ. ಕಟಿಗಿ ರೊಟ್ಟಿ ಸುಡಾಕೇ ಸಾಲತಿರಲಿಲ್ಲ, ನೀರು ಕಾಸಾಕ ಎಲ್ಲಿಂದ ತರಲಿ? ಎಣ್ಣಿ ಡಬ್ಬಿಗಿ ಮಸಿ ಬಳದು, ನೀರು ತುಂಬಿ ಮಾಳಗಿ ಮ್ಯಾಲ ಇಟ್ಟು ಹೋಗತಿದ್ನಿ. ಹೊಲದಿಂದ ಬರೋದ್ರಾಗ ಬೆಚ್ಚಗ ಆಗತಿತ್ತು. ಅದರಾಗ ನಿನಗ ಎರೀತಿದ್ನಿ. ಬಿಸಲ ನೀರು ಕೈಗಿ ಬಿಸಿ ಹತ್ತತದ, ಮೈಮ್ಯಾಲ ನಿಂದ್ರಂಗಿಲ್ಲ. ನೀ ಗಡಗಡ ನಡಗತಿದ್ದಿ. ಬೆಂಕಿ ನೀರು ಹಂಗಲ್ಲ, ಎಲುವಿನತನ ಇಳೀತದ."

ನಾನು ಅವಳ ಪಕ್ಕ ಕೂತೆ. ಕರಿಯ ಬಣ್ಣ ಶಾಖವನ್ನು ಹೆಚ್ಚು ಹೀರುತ್ತದೆ ಎಂದು ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬರೆದೆ. ನನ್ನ ಅವ್ವ ಅದನ್ನು ಎಣ್ಣೆ ಡಬ್ಬಿಯ ಮೇಲೆ ಮಸಿಯಿಂದ ಬಳಿದು, ನನ್ನನ್ನು ಬದುಕಿಸಿಕೊಂಡಿದ್ದಳು. ಅವಳಿಗೆ ನಾನು ಶಾಖದ ಪಾಠ ಹೇಳಲು ಹೋಗಿದ್ದೆ. ನನಗೆ ನಾಚಿಕೆಯೂ ಆಯಿತು, ಅವಳ ಮೇಲೆ ಹೇಳಲಾಗದಷ್ಟು ಪ್ರೀತಿಯೂ ಬಂತು. ಬಾಯಿಂದ ಮಾತ್ರ ಒಂದೇ ಮಾತು ಹೊರಟಿತು. "ಹಂಗಾದ್ರ ನೀನ ಬಂದು ನೋಡು. ನಿನ್ನ ಕೈ ಒಪ್ಪಿದ್ರ ಸೈ. ಒಪ್ಪಲಿಲ್ಲಂದ್ರ ನಾನ ಗೀಜರ್ ಕಿತ್ತು ಹಾಕತೀನಿ."

ಅವಳು ಎದ್ದಳು. ಅಷ್ಟು ಹೊತ್ತಿಗೆ ಮೌಲಾಲಿ ವೈರು ಎಳೆದು ಮುಗಿಸಿದ್ದ. ಗೀಜರಿನ ಮೇಲೆ ಮೊದಲ ಸಲ ಕೆಂಪು ದೀಪ ಹತ್ತಿತು. ಕಾಲು ಗಂಟೆ ಎಲ್ಲರೂ ಬಚ್ಚಲಿನ ಬಾಗಿಲಲ್ಲಿ ನಿಂತೆವು. ಸುಜಾತಾಳೂ ಕೂಸನ್ನು ಎದೆಗವಚಿಕೊಂಡು ಬಂದು ನಿಂತಳು. ಮೌಲಾಲಿ ಈ ಸಲ ಮೊದಲು ನೀಲಿ ನಲ್ಲಿ ತಿರುಗಿಸಿ ನನಗೆ ತೋರಿಸಿದ, ತಣ್ಣಗಿತ್ತು. ಆಮೇಲೆ ಕೆಂಪು ನಲ್ಲಿ. ಹಬೆಯಾಡಿತು. ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿದ ಮೇಲೆ ಅವ್ವ ಮುಂಗೈ ಅದ್ದಿದಳು. ಆಮೇಲೆ ಮೊಣಕೈ. ಕಣ್ಣು ಮುಚ್ಚಿಕೊಂಡಳು. ಮೌಲಾಲಿ ಪರೀಕ್ಷೆಯ ಫಲಿತಾಂಶ ನೋಡಲು ನಿಂತವನ ಹಾಗೆ ಕೈಕಟ್ಟಿಕೊಂಡ.

"ಹೂಂ" ಎಂದಳು ಅವ್ವ. "ಇದು ಬೆಂಕಿ ನೀರು."

ಬೆಂಕಿಯ ನೀರಿಗೂ ಬಿಸಿಲ ನೀರಿಗೂ ಇರುವುದು ಕೆಲವೇ ಡಿಗ್ರಿಗಳ ಅಂತರ ಎಂದು ವಿವರಿಸುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಶಾಂತಾ ನನ್ನ ಕಾಲು ತುಳಿದಳು. ಸುಜಾತಾ, "ಹಂಗಾದ್ರ ನಾಳಿಗಿ ಆಯಾ ಬ್ಯಾಡಲ್ಲ ಆಯಿ?" ಎಂದು ಕೇಳಿದಳು. "ಯಾಕ ಬೇಕು? ನಾ ಸತ್ತೀನೇನು?" ಎಂದಳು ಅವ್ವ, ದನಿ ಹಳೆಯ ಎತ್ತರಕ್ಕೆ ಮರಳಿತ್ತು.

ಭಾನುವಾರ ಬೆಳಿಗ್ಗೆ ಅವ್ವ ಗೀಜರಿನ ನೀರನ್ನು ಹಂಡೆಗೆ ತುಂಬಿಸಿಕೊಂಡಳು, ನಲ್ಲಿಯಿಂದ ನೇರ ಎರೆಯುವುದಕ್ಕೆ ಅವಳು ಸುತರಾಂ ಒಪ್ಪಲಿಲ್ಲ. ಸೀರೆಯನ್ನು ಮೊಣಕಾಲಿನ ತನಕ ಕಟ್ಟಿ, ಕಾಲು ಚಾಚಿ ಕೂತು, ಆ ಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡಳು. ಎಣ್ಣೆ ಹಚ್ಚಿದ ಆ ಪುಟ್ಟ ಬೆನ್ನಿನ ಮೇಲೆ ಅವಳ ಅಂಗೈ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಿತು. ಹತ್ತಿ ಬಿಡಿಸಿ ಒರಟಾದ ಕೈ ಅಷ್ಟು ಮೆತ್ತಗೆ ಹೇಗಾಗುತ್ತದೋ ನನಗೆ ತಿಳಿಯದು. ಚೆಂಬು ಚೆಂಬಾಗಿ ನೀರು ಬಿತ್ತು. ಕೂಸು ಮೊದಲು ಕೂಗಿತು, ಆಮೇಲೆ ಕೂಗುವುದನ್ನು ಮರೆಯಿತು, ಆಮೇಲೆ ಅಲ್ಲೇ ನಿದ್ದೆ ಹೋಯಿತು. ಆಮೇಲೆ ಸುಜಾತಾಳಿಗೆ ಎರೆದಳು. ಅವಳು ಕೆಂಪಗಾಗಿ, ಹಗುರಾಗಿ ಹೊರಗೆ ಬಂದು ಮಂಚದ ಮೇಲೆ ಬಿದ್ದುಕೊಂಡಳು. ಅಷ್ಟೆಲ್ಲ ಮುಗಿಯುವ ತನಕ ಅವ್ವ ಒಮ್ಮೆಯೂ ಕೆಮ್ಮಲಿಲ್ಲ.

ನಾನು ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತಿದ್ದೆ.

"ಇನ್ನ ನೀರು ಅದಾವೇನು ಅದರಾಗ?" ಎಂದು ಅವ್ವ ಕೇಳಿದಳು.

"ಐದು ನಿಮಿಷ ತಡಿ, ಕಾಯತಾವ. ನೀ ಜಳಕ ಮಾಡತಿಯೇನು?"

"ನನಗಲ್ಲ. ನೀ ಬಾ, ಕುಂದ್ರು ಇಲ್ಲಿ."

"ನಾನಾ?"

"ಎಲ್ಲಾರ ಕೂಸಿಗೂ ಎರದೀನಿ ಬೆಂಕಿ ನೀರು. ನಿನಗೊಬ್ಬನಿಗಿ ಎರದಿಲ್ಲ. ಬಾ."

"ಯವ್ವಾ, ನಾ ರಿಟೈರ್ ಆಗೀನಿ. ಅಜ್ಜ ಆಗೀನಿ."

"ಆದ್ರೇನಾತು? ಅಂಗಿ ಬಿಚ್ಚು."

ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಕೋಣೆಯಿಂದ ಸುಜಾತಾ, "ಹೋಗಪ್ಪಾ, ಕುಂದ್ರು!" ಎಂದು ನಗುತ್ತಾ ಕೂಗಿದಳು. ನಾನು ಪಟ್ಟೆಪಟ್ಟೆಯ ಚಡ್ಡಿಯಲ್ಲಿ, ಬಚ್ಚಲಿನ ಕಲ್ಲಿನ ಮೇಲೆ, ಮೊಣಕಾಲು ತಬ್ಬಿ ಕೂತೆ. ನಿಂತುಕೊಂಡರೆ ಅವಳ ಕೈಗೆ ಎಟಕದಷ್ಟು ಎತ್ತರದವನು ನಾನು, ಕೂತಾಗ ಅವಳಿಗೆ ಸರಿಯಾದ ಅಳತೆ. ಅವಳು ನನ್ನ ತಲೆಯ ಮೇಲೆ ಅಂಗೈಯಿಟ್ಟು, ಚೆಂಬೆತ್ತಿ, ಮೊದಲ ನೀರನ್ನು ಬೆನ್ನಿಗೆ ಬಿಟ್ಟಳು.

"ಸುಡತದೇನು?" ಎಂದು ಕೇಳಿದಳು.

ಉಷ್ಣವನ್ನು ಅಳೆಯುವ ಬಗೆಗಳನ್ನೆಲ್ಲ ಬಲ್ಲವನು ನಾನು.

"ಗೊತ್ತಾಗವಲ್ದು ಯವ್ವಾ," ಎಂದೆ, "ಇನ್ನೊಂದು ಚೆಂಬು ಹಾಕು."